ಉತ್ತರಕ್ಕೆ ಹಿಡಿದ ಸಮಯ

ಒಬ್ಬ ಮನುಷ್ಯನನ್ನು ಹತ್ತೊಂಬತ್ತು ವರ್ಷ ಯಾರೂ ಏನನ್ನೂ ಕೇಳದೆ ಬಿಟ್ಟರೆ ಅವನಿಗೆ ಏನಾಗುತ್ತದೆ ಎಂಬುದನ್ನು ವೈದ್ಯರು ಇನ್ನೂ ಸರಿಯಾಗಿ ಪರೀಕ್ಷಿಸಿದಂತಿಲ್ಲ. ಅಂಥ ಮನಸ್ಸು ಯಾರಿಗಾದರೂ ಬಂದರೆ ನಮ್ಮ ತಾರೀಕಪ್ಪನವರು ಸಿಗುತ್ತಾರೆ.

ತಾರೀಕಪ್ಪ ಎಂಬುದು ಅವರ ಹೆಸರಲ್ಲ. ನಗರ ಗ್ರಂಥಾಲಯದ ಎರವಲು ಕೌಂಟರಿನಲ್ಲಿ ಕೂತು, ಪುಸ್ತಕ ಹಿಂತಿರುಗಿಸಬೇಕಾದ ತಾರೀಕಿನ ಮೊಹರು ಒತ್ತುವುದು ಅವರ ಕೆಲಸ. ಜನ ಬರುತ್ತಿದ್ದರು, ಪುಸ್ತಕ ಮುಂದೆ ತಳ್ಳುತ್ತಿದ್ದರು, ಇವರು ಠಪ್ಪೆಂದು ಒತ್ತುತ್ತಿದ್ದರು, ಜನ ಹೋಗುತ್ತಿದ್ದರು. ಹತ್ತೊಂಬತ್ತು ವರ್ಷದಲ್ಲಿ ಒಂದೇ ಒಂದು ತಪ್ಪು ತಾರೀಕು ಬಿದ್ದಿರಲಿಲ್ಲ. ಅದನ್ನು ಯಾರೂ ಗಮನಿಸಿಯೂ ಇರಲಿಲ್ಲ. ಒಮ್ಮೆ ಮಾತ್ರ ಒಬ್ಬರು, ಕೈ ತೊಳೆಯುವ ಜಾಗ ಎಲ್ಲಿದೆ ಎಂದು ಕೇಳಿದ್ದರು. ಆ ದಿನವನ್ನು ತಾರೀಕಪ್ಪನವರು ಈಗಲೂ ನೆನೆಸಿಕೊಳ್ಳುತ್ತಾರೆ.

ಮನೆಯಲ್ಲೂ ಇದೇ ಕಥೆ. ಅಲ್ಲಿ ಅವರ ತಾಯಿ ಇದ್ದರು, ಅವರ ಅತ್ತೆಯೂ ಇದ್ದರು. ಬೀಗಿತ್ತಿಯರಿಬ್ಬರೂ ಒಂದೇ ಸೂರಿನ ಕೆಳಗೆ ಹನ್ನೊಂದು ವರ್ಷದಿಂದ ಸಂಸಾರ ನಡೆಸುತ್ತಿದ್ದರು. ಯಾವ ಮಾತೇ ಬರಲಿ, ಮೊದಲು ಅತ್ತೆಯವರು ಹೇಳುತ್ತಿದ್ದರು, ಆಮೇಲೆ ತಾಯಿ ಅದು ಹಾಗಲ್ಲ ಎನ್ನುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ತಾರೀಕಪ್ಪನವರ ಹೆಂಡತಿ ಇಬ್ಬರ ಮಾತಿಗೂ ತಲೆಯಾಡಿಸಿ ತನ್ನ ಕೆಲಸ ತಾನು ನೋಡಿಕೊಳ್ಳುತ್ತಿದ್ದಳು. ತಾರೀಕಪ್ಪನವರ ಅಭಿಪ್ರಾಯ ಕೇಳುವುದಕ್ಕೆ ಇದರ ಮಧ್ಯೆ ಜಾಗವೇ ಇರಲಿಲ್ಲ.

ಕೊನೆಯ ಮಾತು ತಾಯಿಯದೇ ಆಗಲು ಕಾರಣವಿತ್ತು. ಅವರು ವಯಸ್ಸಿನಲ್ಲಿ ದೊಡ್ಡವರು. ಜನನ ಪತ್ರ ಇಬ್ಬರಿಗೂ ಇರಲಿಲ್ಲ, ಆದರೆ ತಾಯಿ ಎರಡೋ ಮೂರೋ ವರ್ಷಕ್ಕೆ ಹಿರಿಯರು ಎಂದು ಮೊದಲ ದಿನವೇ ಮಾತಿನಲ್ಲಿ ಇತ್ಯರ್ಥವಾಗಿತ್ತು. ಹಿರಿತನಕ್ಕೆ ಸೇರಿದ ಹಕ್ಕುಗಳು ಮೂರು. ಕಿಟಕಿಯ ಪಕ್ಕದ ಒರಗು ಕುರ್ಚಿ, ಮಡಿಕೆ ಬಿಚ್ಚದ ದಿನಪತ್ರಿಕೆ ಮತ್ತು ಮೇಲೆ ಹೇಳಿದ ಕೊನೆಯ ಮಾತು. ಹಿರಿತನಕ್ಕೆ ಅಂಟಿಕೊಂಡ ಕರ್ತವ್ಯ ಒಂದೇ. ಬೆಳಗ್ಗೆ ಐದಕ್ಕೆ ಎದ್ದು ಬಾಗಿಲು ತೆಗೆದು ಹಾಲು ತೆಗೆದುಕೊಂಡು ನೀರು ಕಾಯಿಸಲು ಇಡುವುದು. ಇದರಲ್ಲಿ ಹನ್ನೊಂದು ವರ್ಷ ಯಾರೂ ತಕರಾರು ಎತ್ತಿರಲಿಲ್ಲ.

ಇಂಥ ತಾರೀಕಪ್ಪನವರಿಗೆ ಒಂದು ಆಸೆ ಇತ್ತು. ಗ್ರಂಥಾಲಯದ ಅದೇ ಹಾಲಿನಲ್ಲಿ, ಅವರ ಕೌಂಟರಿನಿಂದ ಹನ್ನೆರಡು ಹೆಜ್ಜೆ ದೂರದಲ್ಲಿ, ‘ತ್ವರಿತ ಮಾಹಿತಿ’ ಎಂದು ಬೋರ್ಡು ಇಟ್ಟ ಒಂದು ಮೇಜಿತ್ತು. ಅಲ್ಲಿ ಕೂರುತ್ತಿದ್ದವರನ್ನು ಎಲ್ಲರೂ ಮಾಹಿತಿ ಮೇಡಂ ಎನ್ನುತ್ತಿದ್ದರು. ಅವರ ಬೆನ್ನ ಹಿಂದೆ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ಹನ್ನೊಂದು ದಪ್ಪ ಪುಸ್ತಕಗಳು. ನಿಘಂಟು, ವರ್ಷಪುಸ್ತಕ, ಅಟ್ಲಾಸು, ನಗರ ಕೈಪಿಡಿ, ಹೀಗೆ. ಫೋನು ಬಡಿದುಕೊಳ್ಳುತ್ತಿತ್ತು. ಯಾವುದೋ ಬೆಟ್ಟದ ಎತ್ತರವೆಷ್ಟು, ಒಂದು ಮೈಲಿಗೆ ಎಷ್ಟು ಅಡಿ, ಆನೆಯ ಬಾಯಲ್ಲಿ ಎಷ್ಟು ಹಲ್ಲು. ಮೇಡಂ ತಿರುಗಿ ನೋಡದೆಯೇ ಕೈ ಹಿಂದಕ್ಕೆ ಹಾಕಿ, ಪುಸ್ತಕ ಎಳೆದು, ಪುಟ ತಿರುವಿ, ಉತ್ತರ ಹೇಳಿ ಫೋನಿಡುತ್ತಿದ್ದರು. ಇಡೀ ಊರು ಆಕೆಯನ್ನು ಕೇಳುತ್ತಿತ್ತು. ತಾರೀಕಪ್ಪನವರು ಮೊಹರು ಒತ್ತುತ್ತಾ ಆ ಕಡೆಯೇ ನೋಡುತ್ತಿದ್ದರು.

ಮೇಡಂ ಕಣ್ಣಿನ ಆಪರೇಷನ್ನಿಗೆಂದು ಮೂರು ವಾರ ರಜೆ ಹಾಕಿದರು. ಆ ಮೇಜಿಗೆ ಒಬ್ಬ ಸಹಾಯಕರ ಹುದ್ದೆಯೂ ಬಹಳ ದಿನದಿಂದ ಖಾಲಿ ಇತ್ತು. ಮುಖ್ಯ ಗ್ರಂಥಪಾಲಕರು ತಾರೀಕಪ್ಪನವರನ್ನು ಕೋಣೆಗೆ ಕರೆದರು.

“ಮೂರು ವಾರ ನೀವು ಕೂತ್ಕೊಳ್ಳಿ. ರಿಜಿಸ್ಟರಿನಲ್ಲಿ ಒಂದೂ ಕೆಂಪು ಗೆರೆ ಬೀಳದಿದ್ರೆ ಆ ಹುದ್ದೆಗೆ ನಿಮ್ಮ ಹೆಸರನ್ನೇ ಬರೀತೀನಿ. ಬಿತ್ತೋ, ಮರುದಿನದಿಂದ ವಾಪಸ್ ಮೊಹರಿಗೆ.”

ಕೆಂಪು ಗೆರೆಯ ವಿಚಾರ ಮೇಜಿನ ಗಾಜಿನಡಿ ಇಟ್ಟಿದ್ದ ನಿಯಮಗಳ ಹಾಳೆಯಲ್ಲಿತ್ತು. ನೆನಪಿನಿಂದ ಉತ್ತರ ಹೇಳಬಾರದು ಎಂಬುದು ಒಂದನೆಯ ನಿಯಮ. ಆಕರ ಗ್ರಂಥವನ್ನೂ ಪುಟವನ್ನೂ ಹೇಳಲೇಬೇಕು ಎಂಬುದು ಎರಡನೆಯದು. ಪ್ರಶ್ನೆ, ಉತ್ತರ, ಆಕರ, ಉತ್ತರಕ್ಕೆ ಹಿಡಿದ ಸಮಯ, ಈ ನಾಲ್ಕನ್ನೂ ರಿಜಿಸ್ಟರಿನಲ್ಲಿ ಬರೆಯಬೇಕು ಎಂಬುದು ಮೂರನೆಯದು. ಉತ್ತರ ತಪ್ಪಾಗಿದ್ದರೆ ಕೆಂಪು ಶಾಯಿಯಲ್ಲಿ ಹೊಡೆದು ಹಾಕಿ, ಸರಿ ಉತ್ತರ ಬರೆದು, ಪ್ರಶ್ನೆ ಕೇಳಿದವರ ಸಹಿ ಪಡೆಯಬೇಕು ಎಂಬುದು ನಾಲ್ಕನೆಯದು. ಐದನೆಯ ನಿಯಮವೂ ಒಂದಿತ್ತು, ಆದರೆ ಅದರ ಮೇಲೆ ಟೆಲಿಫೋನು ಕೂತಿತ್ತು. ಅದನ್ನು ಎತ್ತಿ ನೋಡುವ ಅಗತ್ಯ ತಾರೀಕಪ್ಪನವರಿಗೆ ಕಾಣಲಿಲ್ಲ.

ಮೊದಲ ಪ್ರಶ್ನೆ ಬೆಳಗ್ಗೆ ಹತ್ತೂ ಕಾಲಿಗೆ ಬಂತು. ಸೂರ್ಯನ ಬೆಳಕು ಭೂಮಿಗೆ ಬರಲು ಎಷ್ಟು ಹೊತ್ತು ಬೇಕು? ತಾರೀಕಪ್ಪನವರು ವರ್ಷಪುಸ್ತಕ ಹುಡುಕಿ, ಸೂಚಿ ಹುಡುಕಿ, ಪುಟ ಹುಡುಕಿ, ಕನ್ನಡಕ ಹುಡುಕಿ ಉತ್ತರ ಹೇಳುವಷ್ಟರಲ್ಲಿ ಬೆಳಕು ಬಂದು ಮುಟ್ಟಿ ಮೂರು ನಿಮಿಷವಾಗಿತ್ತು. ಆದರೂ ಆ ಕಡೆಯವರು “ಥ್ಯಾಂಕ್ಸ್ ಸರ್” ಎಂದರು. ತಾರೀಕಪ್ಪನವರು ಫೋನನ್ನು ಕೆಳಗಿಡದೆ ಸ್ವಲ್ಪ ಹೊತ್ತು ಹಾಗೆಯೇ ಹಿಡಿದುಕೊಂಡಿದ್ದರು.

ನಾಲ್ಕನೆಯ ದಿನಕ್ಕೆ ಸಮಯ ಮೂರು ನಿಮಿಷಕ್ಕೆ ಇಳಿಯಿತು. ಅದರ ಜೊತೆಗೆ ಮನೆಯಲ್ಲಿ ಅವರ ಮಾತಿನ ಧಾಟಿಯೂ ಬದಲಾಯಿತು.

“ಮಳೆ ಬರೋ ಹಾಗಿದೆ, ಬಟ್ಟೆ ತೆಗೀರಿ” ಎಂದಳು ಹೆಂಡತಿ.

“ಆಕರ?” ಎಂದರು ತಾರೀಕಪ್ಪ.

“ಏನು?”

“ಮಳೆ ಬರುತ್ತೆ ಅಂತ ಎಲ್ಲಿದೆ? ಯಾವ ಪುಟ?”

ಹೆಂಡತಿ ಕಿಟಕಿಯ ಹೊರಗೆ ಬೆರಳು ತೋರಿಸಿ, ತಾನೇ ಹೋಗಿ ಬಟ್ಟೆ ತೆಗೆದಳು. ಪಕ್ಕದ ಮನೆಯ ಸರ್ವೆಯರಿಗೆ ಇದೆಲ್ಲ ಬಹಳ ಹಿಡಿಸಿತು. ಅವರು ನಿವೃತ್ತರು. ಮೂವತ್ತು ವರ್ಷ ಊರಿನವರ ಜಾಗ ಅಳೆದು, ಈಗ ಅಳೆಯಲು ಏನೂ ಇಲ್ಲದೆ ಕೈ ಕಟ್ಟಿ ಕೂತಿದ್ದವರು. ಯಾರ ಮನೆಯಲ್ಲಿ ಸಣ್ಣ ವಾದವಾದರೂ ನಡುವೆ ಹೋಗಿ ನಿಂತು, “ಜಗಳ ಯಾಕೆ? ಫೋನ್ ಮಾಡೋಣ. ನಮ್ಮೋರೇ ಇದ್ದಾರಲ್ಲ” ಎನ್ನತೊಡಗಿದರು.

ಎರಡನೆಯ ವಾರದ ಸೋಮವಾರ ಹನ್ನೊಂದು ಗಂಟೆಗೆ ಸರ್ವೆಯರ ಫೋನು ಬಂತು.

“ಎರಡು ಪ್ರಶ್ನೆ ಸಾರ್. ನಮ್ಮೂರ ದೊಡ್ಡ ಸೇತುವೆ ಯಾವ ವರ್ಷ ತೆರೆದರು?”

ತಾರೀಕಪ್ಪನವರು ಈಗ ತಿರುಗಿ ನೋಡದೆ ಕೈ ಹಿಂದಕ್ಕೆ ಹಾಕುವುದನ್ನು ಕಲಿತಿದ್ದರು. ಮೊದಲು ನಿಘಂಟು ಬಂತು. ಎರಡನೆಯ ಸಲಕ್ಕೆ ನಗರ ಕೈಪಿಡಿ ಬಂತು.

“ನಲವತ್ತೆರಡು. ನಗರ ಕೈಪಿಡಿ, ಪುಟ ತೊಂಬತ್ತಾರು.”

“ಗಡಿಯಾರ ಗೋಪುರ?”

“ಗಡಿಯಾರ ಗೋಪುರ... ಮೂವತ್ತೆಂಟು. ಅದೇ ಪುಸ್ತಕ, ಪುಟ ನೂರ ಹನ್ನೆರಡು.”

ಆ ಕಡೆ ಯಾರೋ “ಹಾ!” ಎಂದದ್ದು, ಇನ್ನಾರೋ “ಏನಂದ್ರು?” ಎಂದದ್ದು ಕೇಳಿಸಿತು. ಸರ್ವೆಯರು ಗಂಭೀರವಾಗಿ ವಂದನೆ ಹೇಳಿ ಫೋನಿಟ್ಟರು. ಎರಡಕ್ಕೂ ಸೇರಿ ಎರಡು ನಿಮಿಷ ಹತ್ತು ಸೆಕೆಂಡು. ಅಷ್ಟು ಬೇಗ ಮೇಡಂ ಕೂಡ ಹೇಳಿರಲಾರರು ಎಂದುಕೊಂಡು, ತಾರೀಕಪ್ಪನವರು ಆ ಅಂಕಿಯನ್ನು ರಿಜಿಸ್ಟರಿನಲ್ಲಿ ಸ್ವಲ್ಪ ದಪ್ಪಗೆ ಬರೆದರು.

ಸಂಜೆ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಾಗ ಏನೋ ಹೆಚ್ಚುಕಡಿಮೆ ಆಗಿದೆ ಎನ್ನಿಸಿತು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅತ್ತೆ ಕೂತಿದ್ದರು. ಮಡಿಲಲ್ಲಿ ದಿನಪತ್ರಿಕೆ ಇತ್ತು. ತಾಯಿ ಅಡುಗೆ ಕೋಣೆಯ ಬಾಗಿಲ ಬಳಿ ಕಬ್ಬಿಣದ ಟ್ರಂಕಿನ ಮೇಲೆ, ಬೆನ್ನಿಗೆ ಆಸರೆಯಿಲ್ಲದೆ, ನೆಟ್ಟಗೆ ಕೂತಿದ್ದರು.

“ಅಮ್ಮ, ಅಲ್ಯಾಕೆ ಕೂತಿದ್ದೀಯ?”

“ಚಿಕ್ಕವರು ಎಲ್ಲಾದ್ರೂ ಕೂತ್ಕೋಬಹುದು” ಎಂದರು ತಾಯಿ.

ಹೆಂಡತಿ ಅಡುಗೆ ಕೋಣೆಗೆ ಕರೆದು ವಿಷಯ ಬಿಡಿಸಿ ಹೇಳಿದಳು. ಬೆಳಗ್ಗೆ ದಿನಪತ್ರಿಕೆಯ ಮೇಲೆ ಸಣ್ಣ ಮಾತು ಬಂದಿದೆ. ತಾಯಿ, “ನಾನು ಸೇತುವೆ ತೆರೆದ ವರ್ಷ ಹುಟ್ಟಿದವಳು, ನೆನಪಿರಲಿ” ಎಂದಿದ್ದಾರೆ. ಅತ್ತೆ, “ಗಡಿಯಾರ ಗೋಪುರದ ಗಂಟೆ ಮೊದಲನೇ ಸಲ ಹೊಡೆದಾಗ ನಾನೂ ಮೊದಲನೇ ಸಲ ಕಿರುಚಿದೆನಂತೆ. ಅದು ಯಾವ ವರ್ಷವೋ ಯಾರಿಗೆ ಗೊತ್ತು?” ಎಂದಿದ್ದಾರೆ. ಅಷ್ಟರಲ್ಲಿ ಸರ್ವೆಯರು ಬಂದು ನಡುವೆ ನಿಂತಿದ್ದಾರೆ.

“ಮೂವತ್ತೆಂಟು, ನಲವತ್ತೆರಡು. ನಮ್ಮಮ್ಮ ನಾಲ್ಕು ವರ್ಷ ದೊಡ್ಡೋರಂತೆ. ನೀವೇ ಹೇಳಿದ್ರಂತಲ್ಲ” ಎಂದಳು ಹೆಂಡತಿ. ನಗಬೇಕೋ ಅಳಬೇಕೋ ತಿಳಿಯದ ಮುಖ ಅವಳದು.

ತಾರೀಕಪ್ಪನವರು ಹಾಲಿಗೆ ಬಂದು ನಿಂತರು. ತಾಯಿ ಕೇಳಿದರು, “ನೀನೇ ಹೇಳಿದ್ದಾ?”

“ನಾನಲ್ಲಮ್ಮ. ಪುಟ ನೂರ ಹನ್ನೆರಡು.”

“ಹೆತ್ತವಳಿಗಿಂತ ಪುಟ ಹೆಚ್ಚಾಯ್ತು, ಬಿಡು.”

“ಬೀಗಿತ್ತಿಯವರೇ, ಬೇಜಾರು ಮಾಡ್ಕೋಬೇಡಿ” ಎಂದರು ಅತ್ತೆ, ಕುರ್ಚಿಯಿಂದ ಏಳದೆ. “ಹನ್ನೊಂದು ವರ್ಷ ನೀವು ತಿಳೀದೆ ಕೂತಿದ್ರಿ. ನಾನೇನೂ ತಪ್ಪು ತಿಳ್ಕೊಂಡಿಲ್ಲ.” ಅಂದು ಹನ್ನೊಂದು ವರ್ಷದಲ್ಲಿ ಮೊದಲ ಸಲ ಕೊನೆಯ ಮಾತು ಅತ್ತೆಯದಾಯಿತು.

ಬೀದಿಯಲ್ಲಿ ಎರಡು ಪಕ್ಷಗಳಾದವು. ದರ್ಜಿಯ ಹೆಂಡತಿ ಸೇತುವೆಯ ಕಡೆ, ಔಷಧಿ ಅಂಗಡಿಯವರು ಗೋಪುರದ ಕಡೆ. ಸರ್ವೆಯರು ಮಾತ್ರ ಎರಡೂ ಕಡೆಯ ಮನೆಗಳಲ್ಲಿ ಚಹಾ ಕುಡಿದು ಬಂದರು.

ಬುಧವಾರ ವಾರ್ಡ್ ಕಚೇರಿಯ ಗುಮಾಸ್ತರು ಹಿರಿಯ ನಾಗರಿಕರ ಪಟ್ಟಿ ತಿದ್ದುತ್ತಾ ಬಂದರು. ಅತ್ತೆ ತಮ್ಮ ಹುಟ್ಟಿದ ವರ್ಷ ಮೂವತ್ತೆಂಟು ಎಂದರು. ಅವರ ಕಾರ್ಡಿನಲ್ಲಿ ಅಂದಾಜಿಗೆ ಬರೆಸಿದ ಬೇರೆ ವರ್ಷ ಇದೆಯಲ್ಲ ಎಂದು ಗುಮಾಸ್ತರು ಹುಬ್ಬು ಗಂಟಿಕ್ಕಿದರು. ಸರ್ವೆಯರು ಮುಂದೆ ಬಂದು ಪುಸ್ತಕದ ಹೆಸರು, ಪುಟ ಎರಡನ್ನೂ ಹೇಳಿದರು.

“ಪುಟ ಸಂಖ್ಯೆ ಇದೆಯಾ? ಮೊದಲೇ ಹೇಳಬಾರದಾ?” ಎಂದು ಗುಮಾಸ್ತರು ಸಮಾಧಾನದಿಂದ ಬರೆದುಕೊಂಡರು. “ಜನ ಬಾಯಿಗೆ ಬಂದದ್ದು ಹೇಳ್ತಾರೆ ನೋಡಿ. ಪುಟ ಸಂಖ್ಯೆ ಹೇಳೋರು ನೀವೇ ಮೊದಲು.”

ಗುರುವಾರ ಇದಕ್ಕಿಂತ ದೊಡ್ಡ ಅನಾಹುತ ಗ್ರಂಥಾಲಯಕ್ಕೇ ಬಂತು. ಅತ್ತೆಯ ಅಣ್ಣ, ಅಂದರೆ ತಾರೀಕಪ್ಪನವರ ಹೆಂಡತಿಗೆ ಸೋದರಮಾವ, ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದವರು. ತಕ್ಕಡಿ ಕೂದಲೆಳೆಯಷ್ಟು ವಾಲಿದರೂ ಸಹಿಸದ ಜೀವ. ಅವರು ಕೊಡೆಯ ತುದಿಯಿಂದ ನೆಲ ಕುಟ್ಟುತ್ತಾ ಮೇಜಿನ ಮುಂದೆ ಬಂದು ನಿಂತರು. ಓದುಗರೆಲ್ಲ ತಲೆ ಎತ್ತಿದರು.

“ನಾನು ಹುಟ್ಟಿದ್ದು ನಲವತ್ತರಲ್ಲಿ. ಅವಳು ಮೂವತ್ತೆಂಟಾದ್ರೆ ನಾನು ಅವಳ ತಮ್ಮನಾ? ನಿನ್ನೆ ಮನೆಗೆ ಹೋದ್ರೆ ‘ಬಾರೋ ತಮ್ಮ’ ಅಂತಾಳೆ! ಈ ವಯಸ್ಸಲ್ಲಿ!”

“ದಯವಿಟ್ಟು ಮೆಲ್ಲಗೆ ಮಾತಾಡಿ. ಇದು ಗ್ರಂಥಾಲಯ” ಎಂದರು ತಾರೀಕಪ್ಪ.

“ಅವಳ ತೊಟ್ಟಿಲು ತೂಗಿದವನು ನಾನು!”

“ಅದು ನೆನಪು. ಒಂದನೇ ನಿಯಮದ ಪ್ರಕಾರ ನೆನಪು ನಡೆಯೋದಿಲ್ಲ.”

“ಮದುವೆ ಆದಾಗ ಅವಳಿಗೆ ಹದಿನೆಂಟು! ನಿನ್ನ ಲೆಕ್ಕದಲ್ಲಿ ಇಪ್ಪತ್ತೈದಾಗುತ್ತೆ. ಹಾಗಾದ್ರೆ ನಮ್ಮಪ್ಪ ಬೀಗರಿಗೆ ಸುಳ್ಳು ಹೇಳಿದ್ರಾ?”

“ಆ ಪ್ರಶ್ನೆಗೆ ನಮ್ಮಲ್ಲಿ ಪುಸ್ತಕ ಇಲ್ಲ” ಎಂದರು ತಾರೀಕಪ್ಪ.

ಗದ್ದಲ ಕೇಳಿ ಮುಖ್ಯ ಗ್ರಂಥಪಾಲಕರು ಹೊರಗೆ ಬಂದರು, ಕೈಪಿಡಿಯ ಪುಟ ನೂರ ಹನ್ನೆರಡನ್ನು ತೆರೆಸಿದರು, ಗೋಪುರ ಪೂರ್ಣಗೊಂಡ ವರ್ಷವನ್ನು ತಾವೇ ಓದಿದರು. ಮೂವತ್ತೆಂಟು ಎಂದೇ ಇತ್ತು. ಸೋದರಮಾವ ಕೊಡೆ ಎತ್ತಿಕೊಂಡು, ಇನ್ನು ಆ ಮನೆಯ ಮೆಟ್ಟಿಲು ಹತ್ತುವುದಿಲ್ಲ ಎಂದು ಓದುಗರೆಲ್ಲರ ಮುಂದೆ ಘೋಷಿಸಿ ಹೊರಟುಹೋದರು. ಗ್ರಂಥಪಾಲಕರು ತಾರೀಕಪ್ಪನವರ ಬೆನ್ನು ತಟ್ಟಿದರು.

“ಸಂಬಂಧಿಕರು ಅಂತಾನೂ ನೋಡಲಿಲ್ಲ ನೀವು. ಇಂಥವರೇ ಬೇಕು ಈ ಮೇಜಿಗೆ. ಇನ್ನೊಂದು ವಾರ ಹೀಗೇ ಕಳೀಲಿ.”

ಆ ವಾರ ಹಾಗೆಯೇ ಕಳೆಯುತ್ತಿತ್ತು, ಕೊನೆಯ ಗುರುವಾರ ಮಾಹಿತಿ ಮೇಡಂ ಫೋನು ಮಾಡದಿದ್ದರೆ. ಕಣ್ಣಿನ ಪಟ್ಟಿ ಬಿಚ್ಚಿದ್ದಾರೆ, ಓದುವ ಹಾಗಿಲ್ಲ, ಸಮಯ ಹೋಗುತ್ತಿಲ್ಲ, ಏನೇನು ಪ್ರಶ್ನೆ ಬಂತು ಓದಿ ಹೇಳಿ ಎಂದರು. ತಾರೀಕಪ್ಪನವರು ಹಿಗ್ಗಿನಿಂದ ರಿಜಿಸ್ಟರು ತೆರೆದು ಓದತೊಡಗಿದರು. ಮೇಡಂ ಪ್ರತಿ ಉತ್ತರಕ್ಕೂ ‘ಹೂಂ’ ಎನ್ನುತ್ತಿದ್ದರು.

“ಗಡಿಯಾರ ಗೋಪುರ, ಮೂವತ್ತೆಂಟು, ಪುಟ ನೂರ ಹನ್ನೆರಡು.”

ಹೂಂ ಬರಲಿಲ್ಲ.

“ಅವರಿಗೆ ಬೇಕಾಗಿದ್ದದ್ದು ಗೋಪುರವೋ, ಗಡಿಯಾರವೋ?” ಎಂದರು ಮೇಡಂ.

“ಎರಡೂ ಒಂದೇ ಅಲ್ವಾ ಮೇಡಂ?”

“ಪುಟ ನೂರ ಹದಿನಾಲ್ಕು. ಅಡಿಟಿಪ್ಪಣಿ ನೋಡಿ. ಆಮೇಲೆ ಫೋನ್ ಎತ್ತಿ ಅದರ ಕೆಳಗೂ ನೋಡಿ.”

ಅಡಿಟಿಪ್ಪಣಿ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿತ್ತು. ಗೋಪುರ ಮೂವತ್ತೆಂಟರಲ್ಲೇ ಎದ್ದು ನಿಂತಿತ್ತು, ಆದರೆ ಗಡಿಯಾರದ ಬೀಗದ ಕೈ ಯಾವ ಇಲಾಖೆಯಲ್ಲಿ ಇರಬೇಕು ಎಂಬ ವಿಚಾರದಲ್ಲಿ ಎರಡು ಇಲಾಖೆಗಳಿಗೆ ಜಟಾಪಟಿ ಹತ್ತಿ, ಗಡಿಯಾರ ಏಳು ವರ್ಷ ಪೆಟ್ಟಿಗೆಯಲ್ಲೇ ಉಳಿದಿತ್ತು. ಗಂಟೆ ಮೊದಲ ಸಲ ಹೊಡೆದದ್ದು ನಲವತ್ತೈದರಲ್ಲಿ. ಅಂದರೆ ಅತ್ತೆ ಹುಟ್ಟಿದ್ದು ನಲವತ್ತೈದರಲ್ಲಿ. ತಾಯಿಯೇ ಮೂರು ವರ್ಷ ದೊಡ್ಡವರು. ಸೋದರಮಾವ ಐದು ವರ್ಷಕ್ಕೆ ಅಣ್ಣ.

ತಾರೀಕಪ್ಪನವರು ಫೋನು ಎತ್ತಿದರು. ಅದರ ಕೆಳಗೆ ಐದನೆಯ ನಿಯಮ ಮೇಡಂ ಕೈಬರಹದಲ್ಲಿತ್ತು. ‘ಕೇಳಿದ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು, ನಿಮಗೆ ನಿಜವಾಗಿ ಬೇಕಾಗಿರುವುದು ಏನು ಎಂದು ಕೇಳಿ.’

ಇನ್ನು ಉಳಿದಿದ್ದದ್ದು ಎರಡು ದಿನ. ಕೆಂಪು ಶಾಯಿಯ ಬಾಟಲಿ ಡ್ರಾಯರಿನಲ್ಲಿತ್ತು. ಅದನ್ನು ಮುಟ್ಟಿದರೆ ಮೇಜು ಹೋಯಿತು, ಫೋನು ಹೋಯಿತು, “ಥ್ಯಾಂಕ್ಸ್ ಸರ್” ಹೋಯಿತು, ಉಳಿಯುವುದು ಮೊಹರು ಒಂದೇ. ಮುಟ್ಟದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಮೇಡಂ ಮಾತಾಡುವವರಲ್ಲ. ಅಡಿಟಿಪ್ಪಣಿ ಓದುವ ಜನ ಈ ಊರಿನಲ್ಲಿ ಇನ್ನೊಬ್ಬರಿಲ್ಲ. ತಾರೀಕಪ್ಪನವರು ಡ್ರಾಯರನ್ನು ಎಳೆದರು, ಮುಚ್ಚಿದರು, ಎಳೆದರು, ಮುಚ್ಚಿದರು. ಓದುಗರೊಬ್ಬರು ಬಂದು, ಏನಾದರೂ ಕಳೆದುಹೋಗಿದೆಯೇ ಎಂದು ವಿಚಾರಿಸಿದರು.

ಅಂದು ಮನೆಗೆ ಹೋದಾಗ ತಾಯಿ ಟ್ರಂಕಿನ ಮೇಲೆ ಕೂತು ಗೋಡೆಗೆ ಒರಗಲು ಹೋಗಿ, ಗೋಡೆ ದೂರವಾಗಿ, ಮತ್ತೆ ನೆಟ್ಟಗಾದದ್ದನ್ನು ಕಂಡರು. ಹತ್ತೊಂಬತ್ತು ವರ್ಷ ಒಂದೂ ತಪ್ಪು ತಾರೀಕು ಒತ್ತದ ಮನುಷ್ಯ, ಅತ್ತೆಯ ಹಣೆಯ ಮೇಲೆ ಏಳು ವರ್ಷ ಆಚೀಚೆಯಾದ ತಾರೀಕು ಒತ್ತಿ ತಾಯಿಯನ್ನು ಟ್ರಂಕಿನ ಮೇಲೆ ಕೂರಿಸಿದಂತೆ ಅನ್ನಿಸಿತು. ಮರುದಿನ ಬೆಳಗ್ಗೆ ಮೇಜಿಗೆ ಹೋದವರೇ ಕೆಂಪು ಶಾಯಿ ತೆಗೆದು ಅಡ್ಡಗೆರೆ ಎಳೆದರು.

ಗ್ರಂಥಪಾಲಕರು ಗೆರೆಯನ್ನು ನೋಡಿದರು, ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿದರು.

“ಇನ್ನೊಂದು ದಿನ ತಡ್ಕೊಳ್ಳೋಕೆ ಆಗಲಿಲ್ವೇನ್ರೀ? ನಾಳೆ ಶನಿವಾರ. ಸೋಮವಾರದಿಂದ ಮೊಹರು.”

“ಆಗಲಿ ಸಾರ್” ಎಂದರು ತಾರೀಕಪ್ಪ. ಬೇಜಾರಾಗಿತ್ತು. ಬೇಜಾರಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ಸಂಜೆ ರಿಜಿಸ್ಟರನ್ನು ಕಂಕುಳಲ್ಲಿ ಇಟ್ಟುಕೊಂಡು ಸರ್ವೆಯರ ಸಹಿಗೆ ಹೋದರು. ಸರ್ವೆಯರು ಸಹಿ ಹಾಕುವ ಮೊದಲು ತಿದ್ದುಪಡಿಯನ್ನು ಬೀದಿಗೆಲ್ಲ ಕೇಳುವಂತೆ ಎರಡು ಸಲ ಓದಿದರು. ದರ್ಜಿಯ ಹೆಂಡತಿ ಚಪ್ಪಾಳೆ ತಟ್ಟಿದಳು, ಔಷಧಿ ಅಂಗಡಿಯವರು ಬಾಗಿಲು ಎಳೆದುಕೊಂಡರು. ಅಲ್ಲೇ ಹಾದುಹೋಗುತ್ತಿದ್ದ ವಾರ್ಡ್ ಗುಮಾಸ್ತರನ್ನು ನಿಲ್ಲಿಸಿ ಪಟ್ಟಿ ತಿದ್ದಲು ಕೇಳಿದರೆ ಅವರು ಕೈ ಆಡಿಸಿಬಿಟ್ಟರು.

“ಆಗಲ್ಲ ಸಾರ್. ಒಂದು ಸಲ ದೊಡ್ಡವರಾದವರು ಮತ್ತೆ ಚಿಕ್ಕವರಾಗೋದಕ್ಕೆ ನಮ್ಮಲ್ಲಿ ಫಾರಂ ಇಲ್ಲ.”

ಮನೆಯಲ್ಲಾದರೂ ಒಂದು ಸಂತೋಷದ ಮುಖ ಕಾಣಬಹುದೆಂದು ತಾರೀಕಪ್ಪನವರು ಒಳಗೆ ಬಂದರು. ತಾಯಿಯ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, “ಅಮ್ಮ, ತಪ್ಪು ನನ್ನದು. ನೀನೇ ದೊಡ್ಡೋಳು. ಪುಟ ನೂರ ಹದಿನಾಲ್ಕು. ಹೋಗಿ ಕುರ್ಚಿ ಮೇಲೆ ಕೂತ್ಕೋ” ಎಂದರು.

ತಾಯಿ ಟ್ರಂಕಿನಿಂದ ಅಲುಗಲಿಲ್ಲ.

“ನಾನು ಒಲ್ಲೆ.”

“ಅಂದ್ರೆ?”

“ಹನ್ನೊಂದು ದಿನದಿಂದ ಏಳು ಗಂಟೆಗೆ ಏಳ್ತಾ ಇದ್ದೀನಿ ಕಣೋ. ಬಿಸಿಲು ಬಂದ ಮೇಲೆ! ಇಷ್ಟು ವರ್ಷದಲ್ಲಿ ಅದು ಹೇಗಿರುತ್ತೆ ಅಂತಾನೇ ಗೊತ್ತಿರಲಿಲ್ಲ. ಈಗ ಮತ್ತೆ ದೊಡ್ಡೋಳಾಗಿ ಐದಕ್ಕೆ ಎದ್ದು ಹಾಲಿನವನಿಗೆ ಬಾಗಿಲು ತೆಗೀಲಾ? ಅವರೇ ಇರಲಿ ದೊಡ್ಡೋರಾಗಿ.”

ಅತ್ತೆ ಕುರ್ಚಿಯಿಂದ ದಡಕ್ಕನೆ ಎದ್ದರು.

“ಅದು ಹೇಗಾಗುತ್ತೆ? ಪುಸ್ತಕದಲ್ಲಿ ನಾನು ಮೂರು ವರ್ಷ ಚಿಕ್ಕವಳು ಅಂತ ಇದೆ. ಹನ್ನೊಂದು ದಿನ ಐದಕ್ಕೆ ಎದ್ದು ಮಂಡಿ ಹಿಡ್ಕೊಂಡಿದೆ ನನಗೆ. ಅಳಿಯಂದಿರೇ, ಆ ಪುಟ ಇನ್ನೊಂದು ಸಲ ಓದಿ!”

“ಪುಸ್ತಕ ನಿಮ್ಮಪ್ಪಂದಾ?” ಎಂದರು ತಾಯಿ. “ಸೇತುವೆ ಒಂದು ಸಲ ಪ್ರವಾಹಕ್ಕೆ ಕೊಚ್ಚಿಹೋಗಿ ಮತ್ತೆ ಕಟ್ಟಿದ್ರು. ಎರಡನೇ ಸಲ ತೆರೆದಾಗ ನಾನು ಹುಟ್ಟಿದ್ದು ಅಂತ ಈಗ ನೆನಪಾಗ್ತಾ ಇದೆ.”

“ಈಗ ನೆನಪಾಯ್ತೋ!”

“ವಯಸ್ಸು ಚಿಕ್ಕದಲ್ವಾ, ನೆನಪು ಚೆನ್ನಾಗಿದೆ.”

ಅಲ್ಲಿಗೆ, ಹನ್ನೊಂದು ದಿನದ ಹಿಂದೆ ದೊಡ್ಡವರಾಗಲು ಹೊಡೆದಾಡಿದ ಇಬ್ಬರು ಮುದುಕಿಯರು ಈಗ ಚಿಕ್ಕವರಾಗಲು ಟೊಂಕ ಕಟ್ಟಿ ನಿಂತರು. ಕುರ್ಚಿ ಖಾಲಿ ಬಿತ್ತು. ಅದರಲ್ಲಿ ಕೂತರೆ ಹಿರಿತನ ಒಪ್ಪಿಕೊಂಡಂತೆ ಎಂದು ಇಬ್ಬರೂ ಅದರ ಹತ್ತಿರ ಸುಳಿಯಲಿಲ್ಲ. ಒಬ್ಬರು ಟ್ರಂಕಿನ ಮೇಲೆ ಕೂತರು, ಇನ್ನೊಬ್ಬರು ಹೊಸಿಲಿನ ಮೇಲೆ ಕೂತು ಮಂಡಿ ಒತ್ತಿಕೊಂಡರು. ಹಾಲಿನವನು ಮರುದಿನ ಬೆಳಗ್ಗೆ ಬಾಗಿಲು ಬಡಿದು ಬಡಿದು ಹಾಲನ್ನು ಸರ್ವೆಯರಿಗೆ ಕೊಟ್ಟು ಹೋದ.

ಶನಿವಾರ ಮೇಜಿನಲ್ಲಿ ತಾರೀಕಪ್ಪನವರ ಕೊನೆಯ ದಿನ. ಹನ್ನೊಂದು ಗಂಟೆಗೆ ಫೋನು ಬಂತು.

“ಸಾರ್, ಇಲ್ಲಿ ಪರಿಸ್ಥಿತಿ ಗಂಭೀರವಾಗಿದೆ. ಸೇತುವೆ ಎರಡನೇ ಸಲ ಯಾವ ವರ್ಷ ತೆರೆದರು?” ಸರ್ವೆಯರ ದನಿ.

ತಾರೀಕಪ್ಪನವರ ಕೈ ಅಭ್ಯಾಸಬಲದಿಂದ ಹಿಂದಕ್ಕೆ ಹೋಯಿತು, ಈ ಸಲ ಸರಿಯಾಗಿ ಕೈಪಿಡಿಯ ಮೇಲೆಯೇ ಬಿತ್ತು. ಆದರೆ ಅವರು ಅದನ್ನು ಎಳೆಯಲಿಲ್ಲ. ಕಣ್ಣು ಗಾಜಿನ ಕೆಳಗಿನ ಹಾಳೆಯ ಮೇಲಿತ್ತು.

“ಒಂದು ನಿಮಿಷ. ನಿಮಗೆ ನಿಜವಾಗಿ ಬೇಕಾಗಿರೋದು ಏನು?”

“ನನಗಾ? ನನಗೇನೂ ಬೇಡಪ್ಪ. ತಗೊಳ್ಳಿ, ನಿಮ್ಮ ತಾಯಿಯವರನ್ನೇ ಕೇಳಿ.”

ಫೋನು ಕೈ ಬದಲಾಯಿತು. ತಾಯಿ ಗ್ರಂಥಾಲಯದೊಂದಿಗೆ ಮಾತಾಡುತ್ತಿದ್ದೇನೆಂಬ ಗೌರವದಿಂದ, “ನಮಸ್ಕಾರ” ಎಂದರು.

“ಅಮ್ಮ, ನಿನಗೆ ನಿಜವಾಗಿ ಬೇಕಾಗಿರೋದು ಏನು?”

ತಾಯಿ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ ಸದ್ದು ಕೇಳಿಸಿತು.

“ಇನ್ನೊಂದು ಕುರ್ಚಿ ಕಣೋ” ಎಂದರು ತಾಯಿ. ದನಿ ಸಣ್ಣಗಾಗಿತ್ತು. “ಬೆನ್ನಿಗೆ ಆಸರೆ ಇರೋದು. ಕಿಟಕಿ ಹತ್ರ. ನಾನು ಕೂತರೆ ಅವರಿಗೆ ಜಾಗ ಇಲ್ಲ, ಅವರು ಕೂತರೆ ನನಗಿಲ್ಲ. ಇಬ್ಬರಿಗೂ ಮಂಡಿ ಸರಿಯಿಲ್ಲ. ಇಡೀ ದಿನ ಮಾತಾಡೋಕೆ ಅವರನ್ನ ಬಿಟ್ಟು ನನಗೆ ಯಾರಿದ್ದಾರೆ ಹೇಳು?”

“ಇಷ್ಟು ವರ್ಷ ಯಾಕೆ ಹೇಳಲಿಲ್ಲಮ್ಮ?”

“ನೀನು ಎಲ್ಲಿ ಕೇಳಿದೆ?”

ಹಿಂದಿನಿಂದ ಅತ್ತೆಯ ದನಿ ಬಂತು. “ಹಾಲು ತಗೊಳ್ಳೋಕೆ ಇನ್ನು ಮೇಲೆ ಅಳಿಯಂದಿರೇ ಏಳಲಿ ಅಂತ್ಲೂ ಹೇಳಿ ಬೀಗಿತ್ತಿಯವರೇ, ಫೋನಿಡೋದಕ್ಕೆ ಮುಂಚೆ.”

ಇನ್ನೊಂದು ಒರಗು ಕುರ್ಚಿ ಮನೆಯಲ್ಲೇ ಇತ್ತು. ಹಿಂದಿನ ಪಡಸಾಲೆಯಲ್ಲಿ, ಹನ್ನೊಂದು ವರ್ಷದ ಹಳೆಯ ಪತ್ರಿಕೆಗಳ ರಾಶಿಯನ್ನು ಹೊತ್ತುಕೊಂಡು. ಶನಿವಾರ ಸಂಜೆ ತಾರೀಕಪ್ಪನವರೂ ಹೆಂಡತಿಯೂ ರಾಶಿ ಇಳಿಸಿ, ಧೂಳು ಒರೆಸಿ ಅದನ್ನು ಕಿಟಕಿಯ ಹತ್ತಿರ ಇಟ್ಟರು. ಭಾನುವಾರ ಬೆಳಗ್ಗೆ ಐದಕ್ಕೆ ಎದ್ದು ಹಾಲು ತೆಗೆದುಕೊಂಡವರು ತಾರೀಕಪ್ಪನವರೇ. ಸೋಮವಾರದಿಂದ ಅವರು ಮತ್ತೆ ಮೊಹರಿಗೆ ಕೂತರು. ಠಪ್, ಠಪ್.

ಆದರೆ ಮೇಜು ಬಿಡುವ ಮೊದಲು, ನಿಯಮವನ್ನು ಅಕ್ಷರಶಃ ಪಾಲಿಸುವವರಾದ್ದರಿಂದ, ಅವರು ಕೊನೆಯ ಪ್ರಶ್ನೆಯನ್ನೂ ದಾಖಲಿಸಿದ್ದರು. ಪ್ರಶ್ನೆ: ಇಬ್ಬರಲ್ಲಿ ದೊಡ್ಡವರು ಯಾರು. ಉತ್ತರ: ಇನ್ನೊಂದು ಕುರ್ಚಿ. ಆಕರ: ತಾಯಿ. ಉತ್ತರಕ್ಕೆ ಹಿಡಿದ ಸಮಯ: ಹನ್ನೊಂದು ವರ್ಷ.

ತಿಂಗಳ ಕೊನೆಯಲ್ಲಿ ರಿಜಿಸ್ಟರು ಕೇಂದ್ರ ಕಚೇರಿಗೆ ಹೋಗುವುದು ವಾಡಿಕೆ. ಅಲ್ಲಿ ಯಾರೂ ಪ್ರಶ್ನೆಗಳನ್ನು ಓದುವುದಿಲ್ಲ, ಉತ್ತರಗಳನ್ನೂ ಓದುವುದಿಲ್ಲ. ಕೊನೆಯ ಕಾಲಂ ಕೂಡಿಸಿ ಭಾಗಿಸುತ್ತಾರೆ. ಇನ್ನೂರ ಹದಿನಾಲ್ಕು ಪ್ರಶ್ನೆಗಳಿದ್ದವು. ಮುಂದಿನ ತಿಂಗಳು ಗ್ರಂಥಪಾಲಕರಿಗೆ ಒಂದು ಪತ್ರ ಬಂತು. ಅವರು ಅದನ್ನು ಕೌಂಟರಿಗೆ ತಂದು, ಪಕ್ಕದಲ್ಲಿ ಮಾಹಿತಿ ಮೇಡಂ ನಿಂತಿರುವಂತೆ ಗಟ್ಟಿಯಾಗಿ ಓದಿದರು.

“‘ತಮ್ಮ ತ್ವರಿತ ಮಾಹಿತಿ ಮೇಜಿನಲ್ಲಿ ಒಂದು ಪ್ರಶ್ನೆಗೆ ಉತ್ತರಿಸಲು ಸರಾಸರಿ ಹತ್ತೊಂಬತ್ತು ದಿನ ಹಿಡಿಯುತ್ತಿರುವುದು ಗಮನಕ್ಕೆ ಬಂದಿದೆ. ಇದು ಸಿಬ್ಬಂದಿಯ ತೀವ್ರ ಕೊರತೆಯನ್ನು ತೋರಿಸುತ್ತದೆ. ಖಾಲಿ ಇರುವ ಸಹಾಯಕರ ಹುದ್ದೆಯನ್ನು, ಮೇಜಿನ ಅನುಭವ ಇರುವವರಿಂದಲೇ, ಈ ಕೂಡಲೇ ತುಂಬತಕ್ಕದ್ದು.’” ಗ್ರಂಥಪಾಲಕರು ಪತ್ರ ಮಡಿಸಿದರು. “ಅನುಭವ ಇರೋರು ನೀವೊಬ್ಬರೇ ಕಣ್ರೀ. ನಾನೇನು ಮಾಡ್ಲಿ?”

ಮೇಡಂ ಹೊಸ ಕನ್ನಡಕದ ಮೇಲಿನಿಂದ ನೋಡಿದರು. “ಆ ಕೊನೆಯ ಉತ್ತರಕ್ಕೆ ಕೆಂಪು ಗೆರೆ ಬೇಕಾಗಿಲ್ಲ. ನಾನೇ ಪರಿಶೀಲಿಸಿ ಸಹಿ ಹಾಕಿದ್ದೀನಿ” ಎಂದು ಹೇಳಿ, ಬಡಿದುಕೊಳ್ಳುತ್ತಿದ್ದ ಫೋನಿನ ಕಡೆ ಕೈ ತೋರಿಸಿದರು.

ಅಂದು ಸಂಜೆ ತಾರೀಕಪ್ಪನವರು ಮನೆಗೆ ಬಂದಾಗ ಕಿಟಕಿಯ ಬಳಿ ಎರಡೂ ಕುರ್ಚಿಗಳು ತುಂಬಿದ್ದವು. ಬೀಗಿತ್ತಿಯರು ದಿನಪತ್ರಿಕೆಯನ್ನು ಒಂದೊಂದು ಹಾಳೆ ಹಂಚಿಕೊಂಡು ಹಿಡಿದಿದ್ದರು. ಸೋದರಮಾವ ಟ್ರಂಕಿನ ಮೇಲೆ ಕೂತು, ಅಣ್ಣನೆಂಬ ಗತ್ತಿನಲ್ಲಿ ಚಹಾ ಕುಡಿಯುತ್ತಿದ್ದರು. ತಾರೀಕಪ್ಪನವರು ಚಪ್ಪಲಿ ಬಿಟ್ಟರು, ಶರ್ಟಿನ ಮೇಲಿನ ಗುಂಡಿ ಬಿಚ್ಚಿದರು, ಏನೂ ಹೇಳದೆ ನಿಂತರು. ಯಾರಾದರೂ ಕೇಳಲಿ ಎಂದು ಅವರು ಕಾಯುತ್ತಿದ್ದದ್ದು ಮುಖದಲ್ಲೇ ಕಾಣುತ್ತಿತ್ತು.

ತಾಯಿ ಹಾಳೆ ಕೆಳಗಿಳಿಸಿ ಮಗನನ್ನು ನೋಡಿದರು.

“ಏನಾಯ್ತೋ ಇವತ್ತು?”

ತಾರೀಕಪ್ಪನವರು ಎದೆ ಸೆಟೆದು, ಗಂಟಲು ಸರಿಮಾಡಿಕೊಂಡು ಬಾಯಿ ತೆರೆದರು. ಅಷ್ಟರಲ್ಲಿ ಅತ್ತೆ ಕೈ ಅಡ್ಡ ಹಿಡಿದರು.

“ಪುಟ ಸಂಖ್ಯೆ ಬೇಡ ಅಳಿಯಂದಿರೇ. ಬರೀ ವಿಷಯ ಹೇಳಿ.”